ಹಳೆಯ ಡೈರೆಕ್ಟರಿಗಳಲ್ಲಿ ಪೂರ್ವಿಕರ ಶೋಧನೆ

ತಂದೆಯ ಹೆಸರನ್ನು ಅರಿಯದವರು ಲೋಕದಲ್ಲಿ ವಿರಳ. ತಾತನ ಹೆಸರನ್ನು ಬಹುಮಂದಿ ಬಲ್ಲರು. ಮುತ್ತಾತನ ಹೆಸರನ್ನು ಕೇಳಿದರೆ ಮಾತ್ರ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡತೊಡಗುವರು. ಆತನ ಉದ್ಯೋಗವೇನು, ವಾಸವಾಗಿದ್ದ ಊರು ಯಾವುದು, ಬೀದಿ ಯಾವುದು ಎಂದು ಮುಂದುವರಿದು ಕೇಳಿದರೆ “ದೊಡ್ಡವರು ಇದ್ದಿದ್ದರೆ ಹೇಳುತ್ತಿದ್ದರು” ಎಂಬ ಒಂದೇ ಉತ್ತರವು ದೊರಕುವುದು. ದೊಡ್ಡವರು ಇದ್ದಾಗ ನಾವು ಕೇಳಲಿಲ್ಲ. ಕೇಳಬೇಕೆಂಬ ಬುದ್ಧಿ ಹುಟ್ಟಿದಾಗ ಹೇಳುವವರಿಲ್ಲ. ಇದು ಒಂದು ಮನೆಯ ಕಥೆಯಲ್ಲ, ಮನೆಮನೆಯ ಕಥೆ.

ಪೂರ್ವಿಕರ ಸ್ಮರಣೆಗೆ ನಮ್ಮ ದೇಶದಲ್ಲಿ ಏರ್ಪಾಡುಗಳಿಲ್ಲದೆ ಇಲ್ಲ. ತರ್ಪಣಕಾಲದಲ್ಲಿ ತಂದೆ, ತಾತ, ಮುತ್ತಾತ ಎಂಬ ಮೂವರ ಹೆಸರುಗಳನ್ನೂ, ಅವರೊಡನೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ ಗೋತ್ರಸಹಿತವಾಗಿ ಹೇಳುವ ಪದ್ಧತಿಯುಂಟು. ಕರ್ಣಾಟಕದ ಅನೇಕ ಒಕ್ಕಲು ಮನೆತನಗಳಿಗೆ ಹೆಳವರೆಂಬ ವಂಶಕಥಕರುಂಟು. ಅವರು ಎತ್ತನ್ನೇರಿ ಊರೂರು ತಿರುಗಿ, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಮೊದಲ್ಗೊಂಡು ಆ ಮನೆಯ ತಲೆಮಾರುಗಳನ್ನು ಒಪ್ಪಿಸಿ, ದವಸಧಾನ್ಯಗಳನ್ನು ಪಡೆದು ಹೋಗುವರು. ಆದರೆ ತರ್ಪಣದ ಹೆಸರುಗಳು ಮೂರು ತಲೆಗೆ ನಿಲ್ಲುವುವು. ಹೆಳವನ ಎತ್ತಾದರೂ ಹಳ್ಳಿಯ ಹಟ್ಟಿಯನ್ನು ಬಲ್ಲುದಲ್ಲದೆ ಪಟ್ಟಣದ ಬಾಡಿಗೆಯ ಮನೆಯನ್ನು ಹುಡುಕಿಕೊಂಡು ಬರಲಾರದು. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರನ್ನು ಬಿಟ್ಟು ಪಟ್ಟಣವನ್ನು ಸೇರಿದ ಪೂರ್ವಿಕರ ಜಾಡನ್ನು ಹಿಡಿಯಲು ಬೇರೆಯ ಸಾಧನವೇ ಬೇಕು. ಅಂತಹ ಸಾಧನವೊಂದು ಈಗ ಮನೆಯಲ್ಲಿ ಕುಳಿತಲ್ಲಿಗೇ ಬಂದಿದೆ. ಹಳೆಯ ಕಾಲದ ನಗರ ಡೈರೆಕ್ಟರಿಗಳನ್ನು ಪುಟಪುಟವಾಗಿ ಛಾಯಾಚಿತ್ರ ತೆಗೆದು ಅಂತರ್ಜಾಲದಲ್ಲಿ ಇರಿಸಿದ್ದಾರೆ. ಅವುಗಳ ಸ್ವರೂಪವನ್ನೂ, ಅವುಗಳಲ್ಲಿ ಹುಡುಕುವ ಕ್ರಮವನ್ನೂ ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಡೈರೆಕ್ಟರಿ ಎಂದರೇನು?

ಒಂದು ಪಟ್ಟಣದಲ್ಲಿ ವಾಸಿಸುವವರ ಹೆಸರು, ಕಸುಬು, ಮನೆ ಅಥವಾ ಅಂಗಡಿಯ ವಿಳಾಸ, ಇವನ್ನು ಅಕ್ಷರಾನುಕ್ರಮವಾಗಿ ಜೋಡಿಸಿ ವರ್ಷಕ್ಕೊಮ್ಮೆ ಅಚ್ಚುಮಾಡುತ್ತಿದ್ದ ಪುಸ್ತಕವೇ ಡೈರೆಕ್ಟರಿ. ವ್ಯಾಪಾರಿಗಳಿಗೆ ಗಿರಾಕಿಗಳ ವಿಳಾಸವೂ, ಅಂಚೆಯವರಿಗೆ ಮನೆಗಳ ಗುರುತೂ ಬೇಕಾಗಿದ್ದುದರಿಂದ ಇದು ಹುಟ್ಟಿತೇ ಹೊರತು ವಂಶವೃಕ್ಷ ಬರೆಯುವವರಿಗಾಗಿ ಅಲ್ಲ. ಲಂಡನ್ನಿನ ವರ್ತಕರ ಪಟ್ಟಿಯೊಂದು 1677ರಲ್ಲಿಯೇ ಅಚ್ಚಾಯಿತು. ಅಮೆರಿಕದಲ್ಲಿ ಫಿಲಡೆಲ್ಫಿಯಾ ನಗರಕ್ಕೆ 1785ರಲ್ಲಿಯೂ ನ್ಯೂಯಾರ್ಕಿಗೆ 1786ರಲ್ಲಿಯೂ ಡೈರೆಕ್ಟರಿಗಳು ಹೊರಟವು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಮೊದಲನೆಯ ಡೈರೆಕ್ಟರಿಯನ್ನು 1773ರಲ್ಲಿ ಹೊರತಂದವನು ಪೀಟರ್ ವಿಲಿಯಂಸನ್ ಎಂಬಾತನು. ಈತನ ಚರಿತ್ರೆಯು ನಮ್ಮ ವಿಷಯಕ್ಕೆ ಒಪ್ಪುವಂತಿದೆ. ಬಾಲಕನಾಗಿದ್ದಾಗ ಅಬರ್ಡೀನ್ ಪಟ್ಟಣದಲ್ಲಿ ಈತನನ್ನು ಕದ್ದೊಯ್ದು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿ ಜೀತಕ್ಕೆ ಮಾರಿದರು. ಅನೇಕ ವರ್ಷಗಳ ಮೇಲೆ ಸ್ವದೇಶಕ್ಕೆ ಮರಳಿದ ಈತನು ತನ್ನ ಕಥೆಯನ್ನು ಅಚ್ಚುಹಾಕಿಸಿದನು. ಅಬರ್ಡೀನಿನ ಅಧಿಕಾರಿಗಳು ಅದಕ್ಕಾಗಿ ಈತನನ್ನೇ ದಂಡಿಸಿದರು. ಈತನು ಎಡಿನ್‌ಬರೋ ನ್ಯಾಯಾಲಯಕ್ಕೆ ಹೋಗಿ ಅವರ ಮೇಲೆ ಗೆದ್ದನು. ಅನಂತರ ಅದೇ ನಗರದಲ್ಲಿ ನೆಲಸಿ, ಅಲ್ಲಿನ ಮನೆಮನೆಯ ವಿಳಾಸವನ್ನು ಸಂಗ್ರಹಿಸಿ, ಒಂದು ಪೆನ್ನಿಯ ಅಂಚೆಯನ್ನೂ ನಡೆಸಿದನು. ತನ್ನವರಿಂದ ಅಗಲಿಸಲ್ಪಟ್ಟ ಹುಡುಗನು ದೊಡ್ಡವನಾಗಿ, ಒಂದು ಪಟ್ಟಣದಲ್ಲಿ ಯಾರು ಎಲ್ಲಿರುವರೆಂಬುದನ್ನು ಬರೆದಿಟ್ಟನು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 1773ರಿಂದ 1911ರವರೆಗಿನ ಏಳುನೂರಕ್ಕೆ ಮೇಲ್ಪಟ್ಟ ಡೈರೆಕ್ಟರಿಗಳನ್ನು ಈಗ ಉಚಿತವಾಗಿ ಓದಲು ಇಟ್ಟಿದೆ. ಇಂಗ್ಲೆಂಡಿನ ಲೀಸ್ಟರ್ ವಿಶ್ವವಿದ್ಯಾನಿಲಯವೂ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯವೂ ಇದೇ ಕೆಲಸವನ್ನು ಮಾಡಿವೆ.

ಇಂಡಿಯಾ ದೇಶಕ್ಕೂ ಇಂತಹ ಪುಸ್ತಕಗಳಿದ್ದುವು. ಕಲ್ಕತ್ತೆಯ ಥ್ಯಾಕರ್ ಸಂಸ್ಥೆಯವರು ಮೊದಲು ಬಂಗಾಳಕ್ಕೆಂದು ಹೊರಡಿಸುತ್ತಿದ್ದ ಡೈರೆಕ್ಟರಿಯನ್ನು 1885ರಿಂದ ಇಡೀ ದೇಶಕ್ಕೆ ವಿಸ್ತರಿಸಿದರು. ಮದರಾಸಿನಲ್ಲಿ ‘ಅಸೈಲಂ ಪ್ರೆಸ್’ ಎಂಬ ಮುದ್ರಣಾಲಯದಿಂದ ಪಂಚಾಂಗವೂ ಡೈರೆಕ್ಟರಿಯೂ ಕೂಡಿದ ಪುಸ್ತಕವು ವರ್ಷವರ್ಷವೂ ಹೊರಡುತ್ತಿತ್ತು. ಅನಾಥ ಬಾಲಕರ ಆಶ್ರಮಕ್ಕೆ ಸೇರಿದ ಮುದ್ರಣಾಲಯವಾದ್ದರಿಂದ ಅದಕ್ಕೆ ಆ ಹೆಸರು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ, ಮುಂದೆ ಇಂಗ್ಲೆಂಡಿನಲ್ಲಿಯೂ ಪ್ರಸಿದ್ಧವಾದ ‘ಮದರಾಸು ಪದ್ಧತಿ’ಯನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಪ್ರಯೋಗಿಸಿದ್ದು ಅಲ್ಲಿನ ಬಾಲಕರಲ್ಲಿಯೇ ಎಂಬುದು ಉಪಾಧ್ಯಾಯವೃತ್ತಿಯವರಾದ ನಮಗೆ ವಿಶೇಷ ಸಂತೋಷದ ಸಂಗತಿ. ದಕ್ಷಿಣದೇಶದ ಈ ಪುಸ್ತಕಗಳಲ್ಲಿ ಮೈಸೂರು, ಬೆಂಗಳೂರು ದಂಡು ಪ್ರದೇಶ, ಕೊಡಗು ಇವುಗಳಿಗೂ ಸ್ಥಾನವುಂಟು. ‘ಇಂಟರ್ನೆಟ್ ಆರ್ಕೈವ್’ ಎಂಬ ಅಂತರ್ಜಾಲದ ಪುಸ್ತಕಭಂಡಾರದಲ್ಲಿ ಇಂತಹ ಸಂಪುಟಗಳು ಹಲವು ದೊರೆಯುವುವು.

ಇವುಗಳ ಬೆಲೆ ಏಕೆ ಹೆಚ್ಚು?

ಜನಗಣತಿಯ ಕಾಗದಗಳು ಇರುವಾಗ ಡೈರೆಕ್ಟರಿ ಏಕೆ ಎಂದು ಕೇಳಬಹುದು. ಅಮೆರಿಕದಲ್ಲಿ 1890ರ ಜನಗಣತಿಯ ಕಾಗದಗಳಲ್ಲಿ ಬಹುಭಾಗವು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಬೆಂಕಿ ಅನಾಹುತಕ್ಕೆ ಸಿಕ್ಕಿ ಕೆಟ್ಟುಹೋಯಿತು. 1880ಕ್ಕೂ 1900ಕ್ಕೂ ನಡುವೆ ಬಿದ್ದ ಇಪ್ಪತ್ತು ವರ್ಷದ ಕಂದಕಕ್ಕೆ ಆ ದೇಶದವರು ಡೈರೆಕ್ಟರಿಗಳನ್ನೇ ಸೇತುವೆಯಾಗಿ ಮಾಡಿಕೊಂಡಿದ್ದಾರೆ. ನಮ್ಮ ದೇಶದ ಸ್ಥಿತಿಯು ಇನ್ನೂ ಬೇರೆ. ಇಲ್ಲಿ ಜನಗಣತಿಯ ಒಟ್ಟು ಲೆಕ್ಕವನ್ನು ಮಾತ್ರ ಅಚ್ಚುಮಾಡುವರು. ಮನೆಮನೆಯ ವಿವರವನ್ನು ನೋಡುವ ಹಕ್ಕು 1948ರ ಜನಗಣತಿ ಕಾನೂನಿನ ಮೇರೆಗೆ ಯಾರಿಗೂ ಇಲ್ಲ. ಆದುದರಿಂದ ಹೆಸರು, ಉದ್ಯೋಗ, ಊರು ಮೂರನ್ನೂ ಒಂದೆಡೆ ಕೊಡುವ ಅಚ್ಚಿನ ಪುಸ್ತಕವು ಎಷ್ಟು ಅಪೂರ್ಣವಾದರೂ ನಮಗೆ ಅಮೂಲ್ಯವೇ ಸರಿ.

ಅಪೂರ್ಣವೆಂಬ ಮಾತನ್ನು ಇಲ್ಲಿಯೇ ಬಿಡಿಸಿ ಹೇಳತಕ್ಕುದು. ನಮ್ಮ ದೇಶದ ಡೈರೆಕ್ಟರಿಗಳನ್ನು ರಚಿಸಿದವರು ಐರೋಪ್ಯರು. ಅವರ ನಿವಾಸಿಗಳ ಪಟ್ಟಿಯಲ್ಲಿ ತುಂಬಿರುವವರೂ ಹೆಚ್ಚಾಗಿ ಅವರೇ. ನಮ್ಮವರಲ್ಲಿ ಸರ್ಕಾರದ ಅಧಿಕಾರಿಗಳು, ವಕೀಲರು, ವೈದ್ಯರು, ದೊಡ್ಡ ವರ್ತಕರು, ಕಾಲೇಜು ಪಾಠಶಾಲೆಗಳ ಉಪಾಧ್ಯಾಯರು, ಇವರ ಹೆಸರುಗಳು ಇಲಾಖೆಗಳ ಮತ್ತು ಸಂಸ್ಥೆಗಳ ಪಟ್ಟಿಯಲ್ಲಿ ದೊರಕುವ ಸಂಭವವುಂಟು. ಹೊಲವನ್ನು ಉತ್ತವನು, ಮಗ್ಗದಲ್ಲಿ ಕುಳಿತವನು, ಕಲ್ಲು ಹೊತ್ತವಳು, ಇವರನ್ನು ಅಲ್ಲಿ ಹುಡುಕುವುದು ಮರಳಿನಿಂದ ಎಣ್ಣೆ ತೆಗೆಯುವ ಯತ್ನವಾದೀತು.

ಹುಡುಕುವ ಕ್ರಮ

ಮೊದಲು ಮನೆಯಲ್ಲಿ ಹುಡುಕಬೇಕು, ಅನಂತರ ಗಣಕಯಂತ್ರದಲ್ಲಿ. ಹಳೆಯ ಜಾತಕ, ಲಗ್ನಪತ್ರಿಕೆ, ಕ್ರಯಪತ್ರ, ಪಿಂಚಿನಿಯ ಕಾಗದ, ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟ ಹೆಸರು ಮತ್ತು ಊರು, ಇವೆಲ್ಲವನ್ನೂ ಒಟ್ಟುಗೂಡಿಸಿ, ಯಾರು, ಎಲ್ಲಿ, ಯಾವ ಕಾಲದಲ್ಲಿ, ಯಾವ ಉದ್ಯೋಗದಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ತಿಳಿದಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳತಕ್ಕುದು.

ಎರಡನೆಯದಾಗಿ, ಅರುಂಧತೀನ್ಯಾಯವನ್ನು ಅನುಸರಿಸಬೇಕು. ವಿವಾಹಕಾಲದಲ್ಲಿ ವಧುವಿಗೆ ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ತೋರಿಸುವವರು ಮೊದಲು ಅದರ ಸಮೀಪದ ದೊಡ್ಡ ನಕ್ಷತ್ರವನ್ನು ತೋರಿಸುವರಷ್ಟೆ. ಹಾಗೆಯೇ ವ್ಯಕ್ತಿಯ ಹೆಸರನ್ನು ಒಮ್ಮೆಗೇ ಹುಡುಕುವುದಕ್ಕಿಂತ ಆತನಿದ್ದ ಜಿಲ್ಲೆ, ಇಲಾಖೆ, ಶಾಲೆ ಅಥವಾ ಅಂಗಡಿಯನ್ನು ಮೊದಲು ಕಂಡುಹಿಡಿದು, ಅದರ ಕೆಳಗಿನ ಪಟ್ಟಿಯನ್ನು ಸಾವಧಾನವಾಗಿ ಓದುವುದೇ ಲೇಸು. ಇಲ್ಲಿ ಊರುಗಳ ಹಳೆಯ ಹೆಸರುಗಳನ್ನು ಅರಿತಿರಬೇಕು. ಇಂದಿನ ರಾಮನಗರ ಪಟ್ಟಣವು ಆ ಪುಟಗಳಲ್ಲಿ ಕ್ಲೋಸ್‌ಪೇಟೆ, ಪಾಂಡವಪುರವು ಫ್ರೆಂಚ್ ರಾಕ್ಸ್, ಮಡಿಕೇರಿಯು ಮರ್ಕಾರಾ, ಚಿತ್ರದುರ್ಗವು ಚಿತಲ್‌ಡ್ರೂಗ್, ಚಿಕ್ಕಮಗಳೂರು ಜಿಲ್ಲೆಯು ಕಡೂರು ಜಿಲ್ಲೆ. ಬೆಂಗಳೂರು, ಮೈಸೂರು, ಶಿವಮೊಗ್ಗ ಮೊದಲಾದ ಹೆಸರುಗಳ ಇಂಗ್ಲಿಷ್ ಕಾಗುಣಿತವೇ 2014ರಲ್ಲಿ ಬದಲಾಯಿತು. ಹೊಸ ಕಾಗುಣಿತದಲ್ಲಿ ಹುಡುಕಿದವನಿಗೆ ಹಳೆಯ ಪುಸ್ತಕವು ಬಾಯಿಬಿಡದು. ಬೆಂಗಳೂರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶವು 1881ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದ ಬಳಿಕವೂ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು 1947ರಲ್ಲಿ ಸಂಸ್ಥಾನಕ್ಕೆ ಮರಳಿತು. ಪೇಟೆಯಲ್ಲಿದ್ದವನನ್ನು ಒಂದು ಭಾಗದಲ್ಲಿಯೂ ದಂಡಿನಲ್ಲಿದ್ದವನನ್ನು ಮತ್ತೊಂದು ಭಾಗದಲ್ಲಿಯೂ ಹುಡುಕಬೇಕು. ದಂಡಿನ ಸೌತ್ ಪೆರೇಡ್ ಎಂಬ ಬೀದಿಯೇ 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಬಸವನಗುಡಿ, ಮಲ್ಲೇಶ್ವರಗಳಾದರೋ 1898ರ ಪ್ಲೇಗಿನ ಕಾಲದಲ್ಲಿ ಏರ್ಪಟ್ಟ ಬಡಾವಣೆಗಳು.

ಬೀದಿಯ ಹೆಸರು ಉಳಿದರೂ ಮನೆಯ ಸಂಖ್ಯೆ ಬದಲಾಗಿರುವುದುಂಟು. ಷಿಕಾಗೋ ನಗರದವರು 1909ರಲ್ಲಿ ಮನೆಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಟ್ಟರು. ಅದಕ್ಕೆ ಹಿಂದಿನ ಡೈರೆಕ್ಟರಿಯ ಸಂಖ್ಯೆಯನ್ನು ಹಿಡಿದು ಇಂದು ಆ ಬೀದಿಗೆ ಹೋದವರು ಅನ್ಯರ ಬಾಗಿಲನ್ನು ತಟ್ಟುವರು.

ಮೂರನೆಯದು ಹೆಸರಿನ ತೊಡಕು. ನಮ್ಮ ಹೆಸರುಗಳನ್ನು ಆಂಗ್ಲರು ಕಿವಿಗೆ ಕೇಳಿದಂತೆ ಬರೆದರು. ‘ರಾವ್’ ಎಂಬ ಎರಡಕ್ಷರವನ್ನು ಆರ್-ಎ-ಓ ಎಂದೂ, ಆರ್-ಎ-ಯು ಎಂದೂ, ಆರ್-ಓ-ಡಬ್ಲ್ಯೂ ಎಂದೂ ಮೂರು ವಿಧವಾಗಿ ಬರೆದಿರುವುದುಂಟು. ಕೃಷ್ಣನು ಕಿಸ್ಟ್ನನಾಗಿರುವನು; ಶೆಟ್ಟಿಯು ಚೆಟ್ಟಿಯಾಗಿರುವನು. 1881ರಿಂದ 1883ರವರೆಗೆ ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಹೆಸರೇ ಆ ಕಾಲದ ಇಂಗ್ಲಿಷಿನಲ್ಲಿ ‘ರುಂಗಾಚಾರ್ಲು’ ಎಂದು ಕಾಣುವುದು. ಹೆಸರಿನ ಮುಂದೆ ‘ಎಮ್. ಆರ್. ಆರ್‌ವೈ.’ ಎಂದಿದ್ದರೆ ಅದನ್ನು ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳೆಂದು ಭ್ರಮಿಸಬಾರದು. ಅದು ‘ಮಹಾರಾಜರಾಜಶ್ರೀ’ ಎಂಬ ಗೌರವವಾಚಕದ ಸಂಕ್ಷೇಪ. ಇಷ್ಟು ಸಾಲದೆಂದು, ಚಿತ್ರದಿಂದ ಅಕ್ಷರಗಳನ್ನು ಓದುವ ಯಂತ್ರವೂ ತನ್ನ ಪಾಲಿನ ಪ್ರಮಾದಗಳನ್ನು ಸೇರಿಸುವುದು. ಮಸಿ ಹರಡಿದ ಹಾಳೆಯಲ್ಲಿ ಅದು ಆರ್ ಮತ್ತು ಎನ್ ಅಕ್ಷರಗಳನ್ನು ಕೂಡಿಸಿ ಎಮ್ ಎಂದೂ, ಸಿ ಮತ್ತು ಎಲ್ ಅಕ್ಷರಗಳನ್ನು ಕೂಡಿಸಿ ಡಿ ಎಂದೂ ಓದುವುದು. ಆದಕಾರಣ ಪೂರ್ಣನಾಮವನ್ನು ಕೊಡದೆ ಅದರ ಮೂರು ನಾಲ್ಕು ಅಕ್ಷರಗಳನ್ನು ಕೊಟ್ಟು ಹುಡುಕಬೇಕು. ಯಂತ್ರವು ‘ಇಲ್ಲ’ವೆಂದರೂ ನಂಬದೆ ಪುಟವನ್ನೇ ತೆರೆದು ಕಣ್ಣಿನಿಂದ ಓದಬೇಕು. ಪುಸ್ತಕದ ಆದಿಯಲ್ಲಿ ಸಂಕ್ಷೇಪಗಳ ವಿವರಣೆಯೂ, ತಡವಾಗಿ ಬಂದ ಹೆಸರುಗಳ ಅನುಬಂಧವೂ ಇರುವುದುಂಟು, ಅವನ್ನೂ ಬಿಡಬಾರದು.

ನಾಲ್ಕನೆಯದಾಗಿ, ಒಂದು ವರ್ಷದ ಸಂಪುಟವನ್ನು ನೋಡಿ ತೃಪ್ತರಾಗದೆ ಹಿಂದಿನ ಮುಂದಿನ ಸಂಪುಟಗಳನ್ನೂ ಸಾಲಾಗಿ ನೋಡಿ, ವರ್ಷ, ಹೆಸರು, ಉದ್ಯೋಗ, ಸ್ಥಳ ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ಬರೆಯತಕ್ಕುದು. ಆಗ ಒಬ್ಬ ಮನುಷ್ಯನು ಬಡ್ತಿ ಹೊಂದಿದುದೂ, ವರ್ಗವಾದುದೂ, ಮನೆ ಬದಲಾಯಿಸಿದುದೂ ಕಣ್ಣಿಗೆ ಕಟ್ಟುವುದು. ಪುಸ್ತಕದ ಮೇಲಿನ ವರ್ಷವೇ ಸಂಗತಿಯ ವರ್ಷವೆಂದು ತಿಳಿಯಬಾರದು. ವಿವರವನ್ನು ಸಂಗ್ರಹಿಸಿ ಅಚ್ಚುಹಾಕಲು ಕಾಲ ಹಿಡಿಯುವುದು. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಬಾಡಿಗೆದಾರರೆಲ್ಲರೂ ಮೇ 1ನೆಯ ತಾರೀಖು ಮನೆ ಬದಲಾಯಿಸುವ ರೂಢಿಯಿತ್ತು. ಆ ಗದ್ದಲವು ಮುಗಿದಮೇಲೆ ಮನೆಗಳನ್ನು ಎಣಿಸುತ್ತಿದ್ದುದರಿಂದ ಅಲ್ಲಿನ ಸಂಪುಟಗಳ ಮೇಲೆ ಎರಡೆರಡು ವರ್ಷಗಳು ಕೂಡಿ ಅಚ್ಚಾಗಿರುವುದನ್ನು ಕಾಣುವೆವು.

ಐದನೆಯದು ಅತ್ಯಂತ ಮುಖ್ಯವಾದುದು. ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿಯನ್ನೂ ಒಂದು ಪ್ರಮಾಣವೆಂದು ಒಪ್ಪಿರುವರು; ಎಂದರೆ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಆದರೆ ಅದಕ್ಕೆ ಯೋಗ್ಯತೆಯೆಂಬ ನಿಯಮವುಂಟು. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಹಾಗೆನ್ನಲಾಗದು. ಅಮಲ್ದಾರರೆಲ್ಲರನ್ನೂ ಕ್ರಮವಾಗಿ ಕೊಡುವ ಪಟ್ಟಿಯಿಂದ ಅಮಲ್ದಾರನೊಬ್ಬನ ಹೆಸರು ಮಾಯವಾದರೆ ಆತನು ಆ ಹುದ್ದೆಯಲ್ಲಿಲ್ಲವೆಂದು ಊಹಿಸಬಹುದು. ಅಗಸೆ ಬಾಗಿಲಿನ ಬಳಿ ಬಳೆ ಮಾರುತ್ತಿದ್ದವನ ಹೆಸರು ಆ ಪುಸ್ತಕದಲ್ಲಿ ಇಲ್ಲವೆಂದು ಆತನು ಬದುಕಿಯೇ ಇರಲಿಲ್ಲವೆಂದರೆ ಯಾರು ಒಪ್ಪುವರು? ಒಂದೇ ಹೆಸರಿನ ಇಬ್ಬರು ಇರಬಹುದೆಂಬುದನ್ನೂ ಮರೆಯಲಾಗದು. ಉದ್ಯೋಗ, ಊರು, ಕಾಲ ಮೂರೂ ಹೊಂದಿದಲ್ಲದೆ ಪೂರ್ವಿಕನೆಂದು ಸ್ವೀಕರಿಸಬಾರದು.

ಸ್ತ್ರೀಯರ ಹೆಸರುಗಳು

ಈ ಪುಸ್ತಕಗಳ ದೊಡ್ಡ ಕೊರತೆಯು ಸ್ತ್ರೀಯರ ವಿಷಯದಲ್ಲಿದೆ. ಅಮೆರಿಕದ ಹಳೆಯ ಡೈರೆಕ್ಟರಿಗಳಲ್ಲಿ ಗಂಡನಿರುವವರೆಗೆ ಹೆಂಡತಿಯ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಗಂಡನು ಗತಿಸಿದ ಬಳಿಕ ‘ಇಂಥವನ ವಿಧವೆ’ ಎಂದು ಆಕೆಯು ಪುಟದೊಳಗೆ ಪ್ರವೇಶಿಸುವಳು. ಶೋಧಕರು ಅದರಿಂದ ಗಂಡನು ತೀರಿಕೊಂಡ ಕಾಲವನ್ನು ಎಣಿಸುವರು. ದುಃಖವು ಬಂದಾಗಲೇ ಹೆಸರೂ ಬಂದಿತೆಂದರೆ ಆ ಪುಸ್ತಕಗಳ ನೀತಿಯನ್ನು ಹೊಗಳುವುದು ಹೇಗೆ? ನಮ್ಮ ದೇಶದ ಪಟ್ಟಿಗಳಲ್ಲಿಯಂತೂ ನಮ್ಮ ಹೆಣ್ಣುಮಕ್ಕಳ ಹೆಸರುಗಳು ಅತಿ ವಿರಳ.

ಆದರೂ ಇವು ಪರೋಕ್ಷವಾಗಿ ದಾರಿಯನ್ನು ತೋರಬಲ್ಲುವು. ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ನಡೆದುದನ್ನು ಅವರ ಅನುಮತಿಯಿಂದ ಹೇಳುವೆವು. ಅವರ ತಂದೆಯವರು ಪ್ರತಿವರ್ಷವೂ ಶ್ರಾದ್ಧಕಾಲದಲ್ಲಿ ಮುತ್ತಜ್ಜಿಯ ಹೆಸರು ತಿಳಿಯದೆ ಸಂಬಂಧವನ್ನು ಮಾತ್ರ ಹೇಳಿ ಮುಂದುವರಿಯುತ್ತಿದ್ದರು. ಎಂಬತ್ತು ದಾಟಿದ ಆ ವೃದ್ಧರಿಗೆ ಇದು ಮನಸ್ಸಿನಲ್ಲಿ ಮುಳ್ಳಿನಂತೆ ಇತ್ತು. ಮುತ್ತಾತನವರು ಶಿವಮೊಗ್ಗದಲ್ಲಿ ಡೆಪ್ಯುಟಿ ಕಮಿಷನರಾಗಿದ್ದರೆಂದೂ, ಕಡೆಯಲ್ಲಿ ಕಾಶಿಗೆ ಹೋದವರು ಮರಳಲಿಲ್ಲವೆಂದೂ ಮನೆಯಲ್ಲಿ ಪ್ರತೀತಿಯಿತ್ತು. ಶಿಷ್ಯರು ಒಂದು ತಿಂಗಳ ಕಾಲ ರಾತ್ರಿಯ ಹೊತ್ತು ಹಳೆಯ ಸಂಪುಟಗಳನ್ನು ತಿರುವಿಹಾಕಿದರು. ಡೆಪ್ಯುಟಿ ಕಮಿಷನರುಗಳ ಸಾಲಿನಲ್ಲಿ ಆ ಹೆಸರು ಯಾವ ವರ್ಷವೂ ಇರಲಿಲ್ಲ. ಅದೇ ಪುಟದ ಕೆಳಭಾಗದಲ್ಲಿ ಶಿರಸ್ತೇದಾರರೆಂದು ಇತ್ತು. ಮೂರು ವರ್ಷಗಳ ತರುವಾಯ ಬೇರೊಂದು ಜಿಲ್ಲೆಯ ಸಣ್ಣ ತಾಲ್ಲೂಕಿನ ಅಮಲ್ದಾರರೆಂದು ಇತ್ತು. ಅಲ್ಲಿಂದ ಎರಡು ಸಂಪುಟ ಕಳೆದಮೇಲೆ ಹೆಸರು ಅಡಗಿತು.

ಮನೆಯ ಕಿರಿಯರಿಗೆ ಮೊದಲು ನಿರಾಶೆಯಾಯಿತು. ದೊಡ್ಡ ಹುದ್ದೆಯೊಂದು ಕೈಬಿಟ್ಟುಹೋಯಿತಲ್ಲವೆ? ವೃದ್ಧರು ಮಾತ್ರ, “ಹುದ್ದೆ ಇಳಿದರೆ ಇಳಿಯಲಿ, ಊರು ಸಿಕ್ಕಿತಲ್ಲ, ಆ ಊರಿಗೆ ಹೋಗಿ ಬಾ ಮಗು” ಎಂದರಂತೆ. ಆ ತಾಲ್ಲೂಕಿನ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನೋಂದಣಿ ಕಚೇರಿಯಲ್ಲಿ ಹಳೆಯ ಪತ್ರವನ್ನು ಹುಡುಕಿಸಬೇಕಾದರೆ ಊರೂ ವರ್ಷವೂ ತಿಳಿದಿರಬೇಕು. ಇಲ್ಲದಿದ್ದರೆ ಯಾವ ಸೂಚಿಯನ್ನು ತೆರೆಸುವುದು? ಇವೆರಡನ್ನೂ ಡೈರೆಕ್ಟರಿಯು ಕೊಟ್ಟಿತ್ತು. ಹೆಸರು ಅಡಗಿದ ವರ್ಷದಿಂದ ಮುಂದಕ್ಕೆ ಸೂಚಿಗಳನ್ನು ನೋಡಿಸಲಾಗಿ, ನಾಲ್ಕನೆಯ ವರ್ಷದಲ್ಲಿ ಒಂದು ಕ್ರಯಪತ್ರವು ದೊರಕಿತು. ‘ದಿವಂಗತ ಅಮಲ್ದಾರರ ಪತ್ನಿ’ ಎಂದು ಹೇಳಿಕೊಂಡು, ತನ್ನ ಅಪ್ರಾಪ್ತವಯಸ್ಕನಾದ ಮಗನ ವಿದ್ಯಾಭ್ಯಾಸಕ್ಕಾಗಿ ಒಂದು ಮನೆಯನ್ನು ಮಾರಿದವಳ ಹೆಸರು ಅದರಲ್ಲಿ ಸ್ಪಷ್ಟವಾಗಿ ಇತ್ತು. ಮಗನ ಹೆಸರೂ ಅವನ ತಂದೆಯ ಹೆಸರೂ ಮನೆಯವರಿಗೆ ತಿಳಿದಿದ್ದುವೇ ಆದುದರಿಂದ ಸಂದೇಹಕ್ಕೆ ಆಸ್ಪದವಿರಲಿಲ್ಲ. ಕಾಶೀಯಾತ್ರೆಯ ಕಥೆಯೂ ಬಿದ್ದುಹೋಯಿತು. ಆದರೆ ಒಂಟಿಯಾಗಿ ಉಳಿದ ಆ ತಾಯಿಯು ಮನೆಯನ್ನು ಮಾರಿ ಮಗನನ್ನು ಓದಿಸಿದುದರಿಂದಲೇ ಈ ಮನೆತನವು ಮುಂದೆ ಬಂದಿತೆಂಬ, ಯಾರೂ ಹೇಳದೆ ಮರೆತಿದ್ದ ಸತ್ಯವು ಹೊರಬಿತ್ತು. ಮರುವರ್ಷದ ಶ್ರಾದ್ಧದಲ್ಲಿ ವೃದ್ಧರು ಆಕೆಯ ಹೆಸರನ್ನು ಉಚ್ಚರಿಸಿದರು.

ವಾಚಕರಲ್ಲಿ ಒಂದು ವಿಜ್ಞಾಪನೆ

ಹಿರಿಯರು ದೊಡ್ಡ ಪದವಿಯಲ್ಲಿದ್ದರೆಂದು ಕೇಳಲು ಎಲ್ಲರಿಗೂ ಆಸೆ. ಆ ಆಸೆಯನ್ನು ಹೊತ್ತು ಹುಡುಕುವವನು ತನಗೆ ಬೇಕಾದುದನ್ನೇ ಕಾಣುವನು. ಇದ್ದುದನ್ನು ಇದ್ದಂತೆ ತಿಳಿಯುವೆವೆಂಬ ಸಂಕಲ್ಪದಿಂದ ಹೊರಡುವವರಿಗೆ ಮಾತ್ರ ಈ ಕೆಲಸವು ಫಲಿಸುವುದು. ದೊರೆತ ಸಂಗತಿಯನ್ನು ಆಸ್ತಿಯ ತಗಾದೆಗೂ ದಾಯಾದಿಗಳ ಮೇಲಿನ ಹಗೆಗೂ ಆಯುಧವಾಗಿ ಬಳಸಬಾರದು. ಡೈರೆಕ್ಟರಿಯ ಒಂದು ಸಾಲು ಸುಳುಹೇ ಹೊರತು ತೀರ್ಪಲ್ಲ. ಪುಸ್ತಕದ ಹೆಸರು, ವರ್ಷ, ಪುಟದ ಸಂಖ್ಯೆ ಇವನ್ನು ತಪ್ಪದೆ ಬರೆದಿಟ್ಟು, ಆ ಪುಟದ ಚಿತ್ರವನ್ನೂ ಉಳಿಸಿಕೊಂಡರೆ, ನಮ್ಮ ಮಾತನ್ನು ಮುಂದಿನವರು ಪರೀಕ್ಷಿಸಿ ನೋಡಲು ಅನುಕೂಲವಾಗುವುದು.

ಕಡೆಯದಾಗಿ ಮನೆಯ ಗೃಹಿಣಿಯರಿಗೂ ಮಕ್ಕಳಿಗೂ ಒಂದು ಮಾತು. ಈ ವಾರವೇ ಒಂದು ಗಟ್ಟಿರಟ್ಟಿನ ಪುಸ್ತಕವನ್ನು ತಂದು, ಮನೆಯಲ್ಲಿರುವ ಹಿರಿಯರ ಬಳಿ ಕುಳಿತು, ಅವರಿಗೆ ತಿಳಿದ ಹೆಸರುಗಳನ್ನೆಲ್ಲ ಬರೆದುಕೊಳ್ಳಿರಿ. ಪುರುಷರ ಹೆಸರಿನ ಪಕ್ಕದಲ್ಲಿ ಸ್ತ್ರೀಯರ ಹೆಸರನ್ನೂ, ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರನ್ನೂ, ತವರೂರನ್ನೂ ಬರೆಯಿರಿ. ಇರುವ ಮನೆಯ ಬೀದಿ, ಸಂಖ್ಯೆ, ವರ್ಷ ಇವನ್ನೂ ಸೇರಿಸಿರಿ. ಹಳೆಯ ಡೈರೆಕ್ಟರಿಗಳು ಬಿಟ್ಟ ಹೆಸರುಗಳನ್ನು ತುಂಬಬಲ್ಲವರು ಮನೆಯ ಹಿರಿಯರೇ; ಅವರನ್ನು ಕೇಳುವ ಕಾಲವು ಬಹಳ ದಿನ ಕಾಯುವುದಿಲ್ಲ. ಈ ಲೇಖನವನ್ನು ಓದಿದವರಲ್ಲಿ ಹತ್ತು ಮನೆಯವರು ಅಂತಹ ಪುಸ್ತಕವನ್ನು ಆರಂಭಿಸಿದರೂ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.